ಗುಡ್ಡದ ಮೇಲೊಂದು ತಡವಾದ ಆರಾಧನೆ

ಗೋಕಾಕ

ಪರದೇಶಕ್ಕೆ ಹೊರಟಿದ್ದೇನೆ ಎಂದರೆ ನಮ್ಮ ಓಣಿಯವರು ಮೊದಲು ಕೇಳುವುದು ವಿಮಾನದ ವಿಷಯ. ನಾನು ನೇಪಾಳಕ್ಕೆ ಹೋಗುತ್ತಿರುವುದು ರೈಲಿನಲ್ಲಿ, ಅದೂ ಘಟಪ್ರಭಾ ಸ್ಟೇಷನ್ನಿನಿಂದ ಎಂದು ಗೊತ್ತಾದ ಕೂಡಲೇ ಎಲ್ಲರ ಉತ್ಸಾಹ ಇಳಿದುಹೋಯಿತು.

"ರೈಲ ಹೋಗೂ ಊರು ಪರದೇಶ ಹೆಂಗ ಆಕ್ಕೈತ್ರಿ ಅಕ್ಕೋರ?" ಎಂದಳು ಪಕ್ಕದ ಮನೆಯ ಶಾಂತಾ. ಪಾಸ್‌ಪೋರ್ಟೂ ಬೇಡ ಎಂದ ಮೇಲಂತೂ ನನ್ನ ಪ್ರವಾಸಕ್ಕೆ ಹುಬ್ಬಳ್ಳಿಗೆ ಹೋಗಿಬರುವಷ್ಟೇ ಬೆಲೆ ಉಳಿಯಿತು. ನಾನು ಗೋಕಾಕದ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತಳಾದವಳು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ನಿವೃತ್ತಿಯಾದರೂ ಆ ಹೆಸರು ಬಿಡುವುದಿಲ್ಲ, ಕಂಡವರನ್ನೆಲ್ಲ ತಿದ್ದುವ ಚಟವೂ ಬಿಡುವುದಿಲ್ಲ.

ಹೋಗಬೇಕಾಗಿದ್ದು ಗಡಿಯ ಆಚೆಗಿನ ಬುಟವಲ್ ಎಂಬ ಊರಿಗೆ. ಅಲ್ಲಿ ಹಲವು ಕ್ರೈಸ್ತ ಸಭೆಗಳು ಸೇರಿ ಒಂದು ಶಿಬಿರ ಇಟ್ಟುಕೊಂಡಿದ್ದವು. ಒಂದು ಸಭೆ ಆತ್ಮಿಕವಾಗಿ ಆರೋಗ್ಯದಿಂದ ಇರುವುದು ಹೇಗೆ ಎಂಬುದು ವಿಷಯ. ಸಭೆ ಎಂದರೆ ನಮ್ಮಲ್ಲಿ ಕಟ್ಟಡವಲ್ಲ, ಅದರೊಳಗೆ ಕೂಡುವ ಜನ. ಗೋಕಾಕದ ನಮ್ಮ ಸಭೆಗೆ ಊರಿನವರು, ಮೂಡಲಗಿ ಕಡೆಯವರು, ಹುಕ್ಕೇರಿ ತಾಲೂಕಿನ ಘೋಡಗೇರಿಯಿಂದ ಬಸ್ಸಿನಲ್ಲಿ ಬರುವ ಕೆಲವು ಮನೆಯವರು ಸೇರುತ್ತಿದ್ದರು. ಸೇರುತ್ತಿದ್ದರು ಎಂದು ಬರೆಯುವಾಗಲೇ ಮನಸ್ಸು ಚುರ್ ಎನ್ನುತ್ತದೆ. ಕಳೆದ ಮಳೆಗಾಲದಿಂದ ಘೋಡಗೇರಿಯವರು ಬರುವುದನ್ನು ಬಿಟ್ಟಿದ್ದರು.

ಅದರ ಕಥೆ ಇಷ್ಟು. ಮೂಡಲಗಿಯ ಪ್ರಭಾಕರ ಮಾಸ್ತರು ನಮ್ಮ ಸಭೆಯ ಆಡಳಿತ ನೋಡುವ ಹಿರಿಯರಲ್ಲಿ ಒಬ್ಬರು. ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ರವಿವಾರ ಎಲ್ಲರಿಗಿಂತ ಮೊದಲು ಮೂಡಲಗಿಯಿಂದ ಬೈಕಿನಲ್ಲಿ ಬಂದು, ತಾವೇ ಕಸ ಗುಡಿಸಿ, ಜಮಖಾನೆ ಹಾಸುವವರು. ಆರಾಧನೆಯ ನಡುವೆ ಜನ ಒಬ್ಬೊಬ್ಬರಾಗಿ ಬಂದು ಚಪ್ಪಲಿ ಸದ್ದು ಮಾಡುವುದು ಅವರಿಗೆ ಸೇರುವುದಿಲ್ಲ. ಹೀಗಾಗಿ ಮೊದಲ ಹಾಡು ಎತ್ತಿದ ಕೂಡಲೇ ಬಾಗಿಲು ಮುಚ್ಚಬೇಕು, ಪಾಸ್ಟರ್ ಮಾಡುವ ಉಪದೇಶ, ಅಂದರೆ ಪ್ರಸಂಗ, ಮುಗಿದ ಮೇಲೆಯೇ ತೆರೆಯಬೇಕು ಎಂದು ನಿಯಮ ತಂದರು. ಘೋಡಗೇರಿಯ ಬಸ್ಸಿಗೆ ಈ ನಿಯಮ ಗೊತ್ತಿರಲಿಲ್ಲ. ಅದು ಎಂದಿನಂತೆ ಕಾಲು ಗಂಟೆ ತಡವಾಗಿ ಬಂತು.

ಅಂದು ಜಿಟಿಜಿಟಿ ಮಳೆ. ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರು ಹೊರಗೆ ನಿಂತಿದ್ದರು. ಒಳಗೆ ನಾವು ದೇವರ ಪ್ರೀತಿಯ ಬಗ್ಗೆ ಹಾಡುತ್ತಿದ್ದೆವು. ಪ್ರಸಂಗ ಮುಗಿದು ಬಾಗಿಲು ತೆಗೆದಾಗ ಕಟ್ಟೆಯ ಮೇಲೆ ಒದ್ದೆ ಹೆಜ್ಜೆಗಳಿದ್ದವು, ಜನ ಇರಲಿಲ್ಲ. ಅಂದಿನಿಂದ ಅವರು ಘೋಡಗೇರಿಯಲ್ಲೇ, ತಮ್ಮಲ್ಲೊಬ್ಬಳಾದ ಸುಂದ್ರವ್ವನ ಮನೆಯ ಪಡಸಾಲೆಯಲ್ಲಿ ಕೂಡಿ ಪ್ರಾರ್ಥಿಸುತ್ತಾರೆ. ಪಾಸ್ಟರ್ ಇಲ್ಲದ್ದರಿಂದ ಕರ್ತನ ಭೋಜನದಲ್ಲಿ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸ ಅವರಿಗೆ ಅಂದಿನಿಂದ ಸಿಕ್ಕಿಲ್ಲ.

ಈಗ ಅವರನ್ನು ಬೇರೆ ಸಭೆ ಎಂದೇ ಮಾಡಿಬಿಡೋಣ ಎಂಬ ಮಾತು ಹುಟ್ಟಿತ್ತು. "ಬ್ಯಾರೆ ಮಾಡಿದ್ರ ಅವರಿಗೂ ಶಾಂತಿ, ನಮಗೂ ಶಾಂತಿ" ಎನ್ನುತ್ತಿದ್ದರು ಮಾಸ್ತರು. ಕೇಳಲು ಬೆಳವಣಿಗೆಯಂತೆ ಕಾಣುತ್ತದೆ. ಆದರೆ ಬೇರೆ ಎಂದರೆ ಪಾಸ್ಟರ್ ಅಪರೂಪಕ್ಕೊಮ್ಮೆ ಹೋಗಿ ಬರುವುದು, ಕ್ರಮೇಣ ಅದೂ ನಿಲ್ಲುವುದು ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಜಗಳವನ್ನೇ ಆಡಿದೆ. ನಾವು ನೇಪಾಳದಿಂದ ಬಂದ ಮೇಲೆ ಹಿರಿಯರೆಲ್ಲ ಕೂತು ತೀರ್ಮಾನಿಸುವುದು ಎಂದಾಯಿತು.

ಶಿಬಿರಕ್ಕೆ ಮೂವರನ್ನು ಕಳಿಸಬೇಕಿತ್ತು. ಹಿಂದಿ ಬರುತ್ತದೆಂದು ನಾನು, ಹಿರಿಯರೆಂದು ಮಾಸ್ತರು. ಹಳ್ಳಿಯ ಹೆಣ್ಣುಮಗಳೊಬ್ಬಳು ಇರಲೇಬೇಕು ಎಂದು ಶಿಬಿರದವರು ಹೇಳಿದ್ದರಿಂದ ಮೂರನೆಯವಳು ಸುಂದ್ರವ್ವ. ನಮ್ಮ ಪಾಸ್ಟರ್ ಜಗಳಕ್ಕೆ ಅಂಜುವ ಮನುಷ್ಯ. ತಮ್ಮಿಂದ ಆಗದ್ದು ರೈಲಿನ ಪ್ರಯಾಣದಿಂದಾದರೂ ಆದೀತು ಎಂದುಕೊಂಡಿರಬೇಕು.

ಗೋರಖಪುರದ ದಾರಿ

ಸುಂದ್ರವ್ವ ಹೊಲದ ಕೂಲಿಗೆ ಹೋಗುವವಳು. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಹಟ. ಒಂದು ಗಂಟಿನ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ತಂದಿದ್ದಳು. ಮಾಸ್ತರು ಎದುರಿನ ಬರ್ತಿನಲ್ಲೇ ಕೂತಿದ್ದರೂ ಅವರೊಡನೆ ನೇರ ಮಾತಾಡಲಿಲ್ಲ.

"ಅಕ್ಕೋರ, ಮಾಸ್ತರಗ ಚಟ್ನಿ ಬೇಕೇನು ಕೇಳ್ರಿ."

"ಮಾಸ್ತರ, ಚಟ್ನಿ ಬೇಕೇನ್ರಿ?"

"ಸ್ವಲ್ಪ ಹಾಕಾಕ ಹೇಳ್ರಿ."

ಹೀಗೆ ನಾನು ಎರಡು ದೇಶಗಳ ನಡುವಿನ ರಾಯಭಾರಿಯಾದೆ. ಗಡಿ ಇನ್ನೂ ಬಂದೇ ಇರಲಿಲ್ಲ.

ಪುಣೆ ದಾಟಿದ ಮೇಲೆ ರೈಲು ತನ್ನ ಗುಣ ತೋರಿಸತೊಡಗಿತು. ಹೊಲದ ನಡುವೆ ನಿಂತಿತು, ಸೇತುವೆಯ ಮೇಲೆ ನಿಂತಿತು, ಏನೂ ಇಲ್ಲದ ಕಡೆಯೂ ನಿಂತಿತು. ಮಾಸ್ತರು ಪ್ರತಿ ಸಲವೂ ಕಾರಣ ವಿವರಿಸುತ್ತಿದ್ದರು. ಮುಂದೆ ಸಿಗ್ನಲ್ ಸಿಕ್ಕಿಲ್ಲ, ಹಿಂದಿನ ಗಾಡಿಗೆ ದಾರಿ ಬಿಡಬೇಕು, ಮಂಜು ಬಿದ್ದಿದೆ, ಡ್ರೈವರನ ತಪ್ಪಿಲ್ಲ. ಗೋರಖಪುರ ಮುಟ್ಟುವಾಗ ಅರ್ಧ ದಿನವೇ ತಡವಾಗಿತ್ತು. ಗಂಟು ಕಟ್ಟುತ್ತಾ ಸುಂದ್ರವ್ವ ಮೊದಲ ಸಲ ಅವರನ್ನೇ ನೋಡಿ ಮಾತಾಡಿದಳು.

"ಮಾಸ್ತರ, ಇಷ್ಟ ತಡಾ ಆಗಿ ಬಂದ ಗಾಡಿಗೆ ಸ್ಟೇಷನ್ನಿನ ಬಾಗಲಾ ಹಾಕೂದಿಲ್ಲೇನ್ರಿ?"

ಮಾಸ್ತರು ಕಿಟಕಿಯ ಹೊರಗೆ ನೋಡಿದರು. ನಾನು ನಗು ತಡೆಯಲು ನೀರಿನ ಬಾಟಲಿ ಬಾಯಿಗಿಟ್ಟುಕೊಂಡೆ.

ಸೋನೌಲಿ

ಗಡಿ ಎಂದರೆ ಮುಳ್ಳುತಂತಿ, ಬಂದೂಕು ಎಂದೆಲ್ಲ ಕಲ್ಪಿಸಿಕೊಂಡಿದ್ದೆ. ಸೋನೌಲಿಯ ಗಡಿಯಲ್ಲಿ ಇದ್ದದ್ದು ಒಂದು ದೊಡ್ಡ ಕಮಾನು, ಅದರ ಕೆಳಗೆ ಲಾರಿಗಳ ಸಾಲು, ತಲೆಯ ಮೇಲೆ ಗಂಟು ಹೊತ್ತು ಆ ಕಡೆಯಿಂದ ಈ ಕಡೆಗೆ ಅಡ್ಡಾಡುವ ಜನ. ಗೋಕಾಕದ ಸಂತೆಯ ದಿನ ಬಸ್ ಸ್ಟ್ಯಾಂಡ್ ಮುಂದೆ ಇರುವಷ್ಟೇ ಗದ್ದಲ. ನಮ್ಮ ಗುರುತಿನ ಚೀಟಿಯನ್ನು ಪೊಲೀಸನೊಬ್ಬ ಅರೆಗಣ್ಣಿನಿಂದ ನೋಡಿ ಹೋಗಿ ಎಂದ. ಸುಂದ್ರವ್ವ ಕಮಾನಿನ ನಟ್ಟನಡುವೆ ನಿಂತು, ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟು, "ಅಕ್ಕೋರ, ಈಗ ನಾ ಎಲ್ಲಿ ಅದೇನ್ರಿ?" ಎಂದು ಕೇಳಿದಳು. ಹಿಂದಿನಿಂದ ರಿಕ್ಷಾದವನು ಹಾರ್ನ್ ಹಾಕಿದ್ದರಿಂದ ಆ ಪ್ರಶ್ನೆ ಅಲ್ಲಿಗೇ ನಿಂತಿತು.

ಗಡಿ ದಾಟಿದ ಕೂಡಲೇ ಎರಡು ಸಂಗತಿ ನಡೆದವು. ನನ್ನ ಮೊಬೈಲು ಸತ್ತುಹೋಯಿತು. ಚಹಾದಂಗಡಿಯ ಗಡಿಯಾರ ಕಾಲು ಗಂಟೆ ಮುಂದಿತ್ತು. ಅದು ಕೆಟ್ಟಿದೆ ಎಂದು ಮಾಸ್ತರು ಅಂಗಡಿಯವನಿಗೆ ತಿಳಿಸಿದರು. ಅವನು ನಕ್ಕು, ನೇಪಾಳದ ಹೊತ್ತು ಭಾರತದ ಹೊತ್ತಿಗಿಂತ ಅಷ್ಟು ಮುಂದೆ ಎಂದ. ಇಡೀ ದೇಶವೇ ತಮ್ಮ ಕೈಗಡಿಯಾರಕ್ಕೆ ವಿರುದ್ಧ ನಡೆಯುತ್ತಿದೆ ಎಂಬುದನ್ನು ಒಪ್ಪಲು ಮಾಸ್ತರಿಗೆ ಮನಸ್ಸಾಗಲಿಲ್ಲ. "ಈ ಮುಳ್ಳ ನಾ ತಿರುವೂದಿಲ್ರಿ. ನಾಕ ದಿನಕ್ಕ ಯಾಕ ತಿರುವಬೇಕು?" ಎಂದರು.

ಬುಟವಲ್

ಹೀಗಾಗಿ ಶಿಬಿರದ ಮೊದಲ ದಿನ ನಾವು ಸರಿಯಾಗಿ ಕಾಲು ಗಂಟೆ ತಡವಾಗಿ ಹೋದೆವು. ಮಾಸ್ತರು ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂದೆವೆಂಬ ಸಂತೋಷದಲ್ಲಿದ್ದರು. ಸಭಾಂಗಣ ತುಂಬಿ, ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಿದ್ದುದನ್ನು ಕಂಡು ಅವರ ಮುಖ ಕೆಂಪಾಯಿತು. ಹಿಂದಿನ ಸಾಲಿನ ಒಬ್ಬ ಕುಳ್ಳ ಮನುಷ್ಯ ಸದ್ದಿಲ್ಲದೆ ತನ್ನ ಕುರ್ಚಿಯನ್ನು ಮಾಸ್ತರ ಕಡೆಗೆ ಸರಿಸಿ, ತಾನು ಗೋಡೆಗೆ ಒರಗಿ ನಿಂತ. ಸುಂದ್ರವ್ವ ನನ್ನ ಪಕ್ಕೆಗೆ ತಿವಿದಳು. ಆ ತಿವಿತದಲ್ಲೇ ಎಲ್ಲ ಹೇಳಿದಳು.

ಶಿಬಿರ ಚೆನ್ನಾಗಿಯೇ ಇತ್ತು. ಟೈ ಕಟ್ಟಿದ ಉಪನ್ಯಾಸಕರು ಗೋಡೆಯ ಮೇಲೆ ಬಣ್ಣದ ಚಿತ್ರಗಳನ್ನು ಬಿಟ್ಟು ಆರೋಗ್ಯವಂತ ಸಭೆಯ ಲಕ್ಷಣಗಳನ್ನು ವಿವರಿಸಿದರು. ಒಂದು ಮರ ಇತ್ತು, ಬೇರುಗಳಿದ್ದವು, ಬೇರಿಗೊಂದು ಹೆಸರಿತ್ತು. ಮಾಸ್ತರು ಎಲ್ಲವನ್ನೂ ಬರೆದುಕೊಂಡರು. ನನಗೆ ನೆನಪಿರುವುದು ಮೆಣಸು ಹಾಕಿದ ಹಾಲಿನ ಚಹಾ ಮತ್ತು ಎರಡನೆಯ ದಿನ ಕರೆಂಟು ಹೋದದ್ದು. ಮರ ಗೋಡೆಯಿಂದ ಮಾಯವಾಯಿತು. ಕತ್ತಲಲ್ಲಿ ಯಾರೋ ಹಾಡು ಎತ್ತಿದರು, ಇನ್ನೊಬ್ಬರು ತಮ್ಮ ಭಾಷೆಯಲ್ಲಿ ಕೂಡಿಕೊಂಡರು, ಸುಂದ್ರವ್ವ ಕನ್ನಡದಲ್ಲಿ ಎಳೆದಳು. ಧಾಟಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಕರೆಂಟು ಬಂದಾಗ ಉಪನ್ಯಾಸಕರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರು ನನಗೆ ಹಿಡಿಸಿದ್ದು ಆ ಗಳಿಗೆಯಲ್ಲಿ.

ಮಧ್ಯಾಹ್ನದ ಅನ್ನ, ಬೇಳೆ, ಸಾಸಿವೆ ಎಣ್ಣೆಯ ಪಲ್ಯ ಸುಂದ್ರವ್ವನಿಗೆ ಸೇರಲಿಲ್ಲ. "ಇಷ್ಟ ದೊಡ್ಡ ದೇಶದಾಗ ಒಂದ ಜ್ವಾಳದ ರೊಟ್ಟಿ ಇಲ್ಲಂದ್ರ ಹೆಂಗ ಬದುಕ್ತಾರ್ರಿ?" ಎಂದು ಮರುಗುತ್ತಾ ತನ್ನ ಗಂಟು ಬಿಚ್ಚಿದಳು. ಕುರ್ಚಿ ಬಿಟ್ಟುಕೊಟ್ಟ ಆ ಕುಳ್ಳ ಮನುಷ್ಯ ಬಂದು ಒಂದು ರೊಟ್ಟಿ ಕೇಳಿ ತಿಂದ. ಕಟುಂ ಎಂದು ಕಡಿದು, ಹಲ್ಲು ಮುಟ್ಟಿ ನೋಡಿಕೊಂಡು ನಕ್ಕ. ಅವನ ಹೆಸರು ಧನ ಬಹಾದುರ್, ಪಾಲ್ಪಾ ಕಡೆಯ ಗುಡ್ಡದ ಹಳ್ಳಿಯೊಂದರ ಪಾಸ್ಟರ್. ಹಿಂದಿ ಚೆನ್ನಾಗಿ ಬರುತ್ತಿತ್ತು. "ಶಿಬಿರ ಮುಗಿದ ಮೇಲೆ ನಮ್ಮಲ್ಲಿಗೆ ಆರಾಧನೆಗೆ ಬನ್ನಿ, ಊಟವೂ ಅಲ್ಲೇ" ಎಂದು ಮೂವರ ಕೈಯನ್ನೂ ಹಿಡಿದು ಕರೆದ. ಮಾಸ್ತರು ಒಪ್ಪಿಕೊಂಡು, ಹೊತ್ತು ಮತ್ತು ದಾರಿ ಕೇಳಿ ಬರೆದುಕೊಂಡರು. ಮರುದಿನ ಎಮ್ಮೆ ಈಯುವುದಿದೆ ಎಂದು ಆತ ಸಂಜೆಯೇ ಊರಿಗೆ ಹೊರಟುಹೋದ.

ಲುಂಬಿನಿ

ಶಿಬಿರ ಶುಕ್ರವಾರ ಮುಗಿಯಿತು. ನಡುವೆ ಶನಿವಾರ ಖಾಲಿ ಇತ್ತಲ್ಲ ಎಂದು ಬುದ್ಧ ಹುಟ್ಟಿದ ಲುಂಬಿನಿ ನೋಡಲು ಹೋದೆವು. ಇದು ಸುಂದ್ರವ್ವನ ಹಟ. ಘೋಡಗೇರಿಯಲ್ಲಿ ಅವಳ ಪಕ್ಕದ ಮನೆಯ ಸೀತಾಬಾಯಿಯವರದು ಬೌದ್ಧ ಮನೆತನ. ಲುಂಬಿನಿಯ ಒಂದು ಹಿಡಿ ಮಣ್ಣು ತರಲೇಬೇಕೆಂದು ಆ ಮುದುಕಿ ಹೇಳಿ ಕಳಿಸಿದ್ದಳು.

ದಾರಿಯಲ್ಲಿ ಕಚೇರಿಗಳು ಮುಚ್ಚಿದ್ದವು, ಶಾಲೆಗಳಿಗೆ ಬೀಗ ಬಿದ್ದಿತ್ತು. ಏನೋ ಹಬ್ಬ ಇರಬೇಕು ಎಂದುಕೊಂಡೆ. ಒಳಗಿನ ತೋಟದಿಂದ ಮಣ್ಣು ತೆಗೆಯಲು ಕಾವಲುಗಾರ ಬಿಡಲಿಲ್ಲವಾದ್ದರಿಂದ ಸುಂದ್ರವ್ವ ಹೊರಗಿನ ಕಾಲುದಾರಿಯ ಮಣ್ಣನ್ನೇ ಬಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. "ಇದರ ಮ್ಯಾಲೂ ಅವರು ನಡದಾರ ಬಿಡ್ರಿ" ಎಂದಳು. ಮಾಸ್ತರು ಅರಳಿ ಮರದ ನೆರಳಲ್ಲಿ ಕೂತು ಬೇರುಗಳ ಹೆಸರನ್ನು ಮತ್ತೊಮ್ಮೆ ಓದಿಕೊಂಡರು. ನಮ್ಮ ಪ್ರವಾಸದ ಅತ್ಯಂತ ನೆಮ್ಮದಿಯ ದಿನ ಅದು. ಆ ಹೊತ್ತಿಗೆ ಬೇರೊಂದು ಕಡೆ ಏನು ನಡೆಯುತ್ತಿದೆ ಎಂಬ ಕಲ್ಪನೆ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ.

ಗುಡ್ಡದ ಹಳ್ಳಿ

ರವಿವಾರ ಮಾಸ್ತರು ಕೋಳಿ ಕೂಗುವ ಮೊದಲೇ ನಮ್ಮನ್ನು ಎಬ್ಬಿಸಿದರು. ಈ ಸಲ ಗಡಿಯಾರದ ಮುಳ್ಳನ್ನೂ ತಿರುವಿಕೊಂಡಿದ್ದರು. ಜೀಪು ಗುಡ್ಡ ಏರತೊಡಗಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹೊಲಗಳಲ್ಲಿ ಸಾಸಿವೆ ಹಳದಿಯಾಗಿ ಹೂಬಿಟ್ಟಿತ್ತು. ಥಂಡಿಗೆ ನನ್ನ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಾಯಿತು. ದಾರಿಯುದ್ದಕ್ಕೂ ಮಕ್ಕಳು ಸಮವಸ್ತ್ರ ಹಾಕಿಕೊಂಡು, ಚೀಲ ಹೊತ್ತು ಶಾಲೆಗೆ ಹೋಗುತ್ತಿದ್ದರು. ರವಿವಾರ ಶಾಲೆ ನಡೆಸುವ ಈ ದೇಶದ ಶಿಕ್ಷಕರ ಮೇಲೆ ನನಗೆ ಕನಿಕರ ಹುಟ್ಟಿತು. ಇಷ್ಟು ವರ್ಷ ಪಾಠ ಹೇಳಿದ ನನ್ನ ತಲೆಗೆ ಆಗಲೂ ಏನೂ ಹೊಳೆಯಲಿಲ್ಲ.

ಪ್ರಾರ್ಥನಾಲಯ ಸಿಕ್ಕಿತು. ನೀಲಿ ಬಣ್ಣದ ತಗಡಿನ ಚಾವಣಿ, ಅದರ ಮೇಲೊಂದು ಮರದ ಶಿಲುಬೆ. ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಒಂದು ಕೋಳಿ ಕೂತು ಬಿಸಿಲು ಕಾಯಿಸುತ್ತಿತ್ತು.

"ನಾವ ಮೊದಲ ಬಂದೇವಿ ನೋಡ್ರಿ" ಎಂದರು ಮಾಸ್ತರು, ಎದೆ ಉಬ್ಬಿಸಿ.

ಕಾದೆವು. ಕೋಳಿ ಎದ್ದು ಹೋಯಿತು. ಇನ್ನೂ ಕಾದೆವು. ಬೆನ್ನ ಮೇಲಿನ ಬುಟ್ಟಿಯ ತುಂಬ ಹುಲ್ಲು ಹೊತ್ತ ಮುದುಕಿಯೊಬ್ಬಳು ಬಂದು ನಮ್ಮನ್ನು ಅಡಿಯಿಂದ ಮುಡಿವರೆಗೆ ನೋಡಿ ಏನೋ ಕೇಳಿದಳು. ಆರಾಧನೆಗೆ ಬಂದಿದ್ದೇವೆ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಮುದುಕಿ ಬುಟ್ಟಿಯನ್ನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದು ನಿನ್ನೆಯೇ ಆಯಿತಲ್ಲ ಎಂದು ಅರೆಬರೆ ಹಿಂದಿಯಲ್ಲಿ ಹೇಳಿದಳು.

ನೇಪಾಳದಲ್ಲಿ ವಾರದ ರಜೆ ಶನಿವಾರ. ಅಂದೇ ಶಾಲೆ ಮುಚ್ಚುವುದು, ಅಂದೇ ಕಚೇರಿ ಮುಚ್ಚುವುದು, ಕ್ರೈಸ್ತರು ಆರಾಧನೆಗೆ ಕೂಡುವುದೂ ಅಂದೇ. ರವಿವಾರ ಎಲ್ಲರಿಗೂ ದುಡಿಮೆಯ ದಿನ. ಶಿಬಿರದಲ್ಲಿ ಇದನ್ನು ನಮಗೆ ಯಾರೂ ಹೇಳಿರಲಿಲ್ಲ, ಏಕೆಂದರೆ ಅವರಿಗೆ ಅದು ಹೇಳುವ ಮಾತೇ ಅಲ್ಲ. ಆರಾಧನೆ ಯಾವ ವಾರ ಎಂದು ನಾವೂ ಕೇಳಲಿಲ್ಲ, ಏಕೆಂದರೆ ನಮಗೆ ಅದು ಕೇಳುವ ಮಾತೇ ಅಲ್ಲ. ಮಾಸ್ತರು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಸುದ್ದಿ ಕೇಳಿ ಪಾಸ್ಟರ್ ಹೆಂಡತಿ ಮಾಯಾ ಹೊಲದಿಂದ ಓಡಿಬಂದಳು, ಕೈಯಲ್ಲಿ ಕುಡುಗೋಲು ಹಾಗೇ ಇತ್ತು. ನಿನ್ನೆ ನಮಗಾಗಿ ಎಷ್ಟೋ ಹೊತ್ತು ಕಾದರಂತೆ. ಅತಿಥಿಗಳು ದಾರಿ ತಪ್ಪಿರಬೇಕೆಂದು ಇಬ್ಬರನ್ನು ಕೆಳಗಿನ ರಸ್ತೆಗೆ ಕಳಿಸಿದರಂತೆ. ಬಂದಾರು, ಬಂದಾರು ಎಂದು ಇದ್ದ ಹಾಡುಗಳನ್ನೆಲ್ಲ ಹಾಡಿ, ಮುಗಿದ ಮೇಲೆ ಮತ್ತೆ ಹಾಡಿದರಂತೆ. ಇದನ್ನೆಲ್ಲ ಅವಳು ದೂರುವ ದನಿಯಲ್ಲಿ ಹೇಳಲಿಲ್ಲ, ನಮಗೇನೂ ಆಗಿಲ್ಲವಲ್ಲ ಎಂಬ ಸಮಾಧಾನದಲ್ಲಿ ಹೇಳಿದಳು. ನಾನು ಒಂದೊಂದೇ ಮಾತನ್ನು ಸುಂದ್ರವ್ವನಿಗೆ ಕನ್ನಡದಲ್ಲಿ ದಾಟಿಸುತ್ತಿದ್ದೆ. ಮಾಸ್ತರಿಗೆ ದಾಟಿಸುವ ಅಗತ್ಯವಿರಲಿಲ್ಲ. ರೈಲ್ವೆಯಲ್ಲಿ ಊರೂರು ತಿರುಗಿದ ಅವರಿಗೆ ಹಿಂದಿ ಬರುತ್ತದೆ.

"ನಮ್ಮಿಂದ ತಪ್ಪಾಯಿತು, ಇಲ್ಲೇ ಒಂದು ಸಣ್ಣ ಪ್ರಾರ್ಥನೆ ಮಾಡಿ ಹೊರಟುಬಿಡುತ್ತೇವೆ" ಎಂದರು ಮಾಸ್ತರು.

ಮಾಯಾ ಆ ಮಾತು ಕೇಳಿಸಿಕೊಳ್ಳಲೇ ಇಲ್ಲ. ಅಂಗಳದ ಅಂಚಿಗೆ ಹೋಗಿ, ಎದುರು ಗುಡ್ಡದ ಕಡೆ ಮುಖ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು. ಅಲ್ಲಿಂದ ಯಾರೋ ಓಗೊಟ್ಟರು. ಅವರು ಇನ್ನೊಂದು ಗುಡ್ಡಕ್ಕೆ ಕೂಗಿದರು. ಹೀಗೆ ಕೂಗು ಗುಡ್ಡದಿಂದ ಗುಡ್ಡಕ್ಕೆ ಹೋಯಿತು.

ಹೊತ್ತು ಇಳಿಯುವ ವೇಳೆಗೆ ಜನ ಬರತೊಡಗಿದರು. ಹೊಲದಿಂದ ನೇರವಾಗಿ ಬಂದವರು. ನಲ್ಲಿಯಲ್ಲಿ ಕೈಕಾಲು ತೊಳೆದು, ಬುಟ್ಟಿ, ಕುಡುಗೋಲುಗಳನ್ನು ಗೋಡೆಗೆ ಆನಿಸಿ, "ಜಯ ಮಸೀಹ" ಎಂದು ಕೈಮುಗಿದು ಒಳಗೆ ಹೋದರು. ಶಾಲೆಯಿಂದ ಮಕ್ಕಳು ಬಂದರು. ಪಾಸ್ಟರ್ ಧನ ಬಹಾದುರ್ ಕೊನೆಗೆ ಬಂದ. ಎಮ್ಮೆ ಹೆಣ್ಣುಕರು ಹಾಕಿದೆ ಎಂಬ ಸುದ್ದಿಯನ್ನು ಮೊದಲು ಹೇಳಿ, ಆಮೇಲೆ ನಮ್ಮನ್ನು ಅಪ್ಪಿಕೊಂಡ. ನಿನ್ನೆ ಮಾಡಿದ ಆರಾಧನೆಯನ್ನು ಮೂರು ಜನರಿಗಾಗಿ ಇವರು ಇಂದು ಇಡಿಯಾಗಿ ಮತ್ತೆ ಮಾಡಲು ಹೊರಟಿದ್ದರು.

ಒಳಗೆ ಹುಲ್ಲಿನ ಚಾಪೆಗಳು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಮ್ಮಲ್ಲಿಯಂತೆಯೇ. ಆದರೆ ಒಂದು ಸಂಗತಿ ವಿಚಿತ್ರವಾಗಿ ಕಂಡಿತು. ಮೊದಲು ಬಂದವರೆಲ್ಲ ಬಾಗಿಲ ಹತ್ತಿರ, ಗಾಳಿ ನುಗ್ಗುವ ಕಡೆ ಕೂತಿದ್ದರು. ಮುಂದಿನ ಬೆಚ್ಚಗಿನ ಚಾಪೆಗಳು ಖಾಲಿ. ಇದೇಕೆ ಎಂದು ಮಾಯಾಳನ್ನು ಕೇಳಿದೆ. ಮನೆ ಹತ್ತಿರ ಇರುವವರು ಬಾಗಿಲ ಬಳಿ ಕೂರುವುದು ಇಲ್ಲಿಯ ರೂಢಿ. ದೂರದ ಗುಡ್ಡದಿಂದ ನಡೆದು ಬರುವವರಿಗೆ ತಡವಾಗುತ್ತದೆ, ದಣಿದಿರುತ್ತಾರೆ, ಥಂಡಿಯಾಗಿರುತ್ತದೆ, ಆದ್ದರಿಂದ ಅವರಿಗೆ ಒಳಗಿನ ಜಾಗ ಎಂದಳು. ಇಷ್ಟು ಹೇಳಿ, ಇದರಲ್ಲಿ ಕೇಳುವುದೇನಿದೆ ಎಂಬಂತೆ ನನ್ನ ಮುಖ ನೋಡಿದಳು. ನಮ್ಮ ಕಡೆಯ ಮಠಗಳ ದಾಸೋಹದಲ್ಲಿ ಹೊತ್ತು ಮೀರಿ ಹೋದವನಿಗೂ ಎಲೆ ಹಾಕುತ್ತಾರೆ. ಅದು ಗೊತ್ತಿದ್ದೂ ನಾವು ನಮ್ಮ ದೇವರ ಮನೆಗೆ ಅಗುಳಿ ಹಾಕಿದ್ದೆವು.

ಅಂದು ಎಲ್ಲರಿಗಿಂತ ದೂರದವರು, ಎಲ್ಲರಿಗಿಂತ ತಡವಾದವರು ನಾವೇ. ಮಾಸ್ತರನ್ನು ಕೈ ಹಿಡಿದು ಕರೆದೊಯ್ದು ಎಲ್ಲಕ್ಕಿಂತ ಮುಂದಿನ ಚಾಪೆಯ ಮೇಲೆ ಕೂರಿಸಿದರು.

ಮದ್ದಲೆ ಬಾರಿಸಿ ಹಾಡಿದರು. ಪಾಸ್ಟರ್ ನಿನ್ನೆಯ ಪ್ರಸಂಗವನ್ನೇ ಮತ್ತೆ ಹೇಳಿದ. ನಗುವ ಮಾತು ಬರುವ ಮೊದಲೇ ಮಕ್ಕಳು ನಗುತ್ತಿದ್ದರು, ಅವನೂ ನಾಚಿ ನಗುತ್ತಿದ್ದ. 'ಇದೇ ಆರೋಗ್ಯ, ಬೇರೆಲ್ಲಿ ಹುಡುಕುವುದು' ಎಂದು ನನಗೆ ಅನಿಸಿತು. ಕೊನೆಯಲ್ಲಿ ಅತಿಥಿಗಳು ಎರಡು ಮಾತಾಡಬೇಕು ಎಂದರು. ಮಾಸ್ತರು ಎದ್ದು ನಿಂತರು. ಬರೆದುಕೊಂಡದ್ದನ್ನು ಜೇಬಿನಿಂದ ತೆಗೆಯುತ್ತಾರೆ ಎಂದುಕೊಂಡೆ, ತೆಗೆಯಲಿಲ್ಲ. ಹಿಂದಿಯಲ್ಲಿ ನಾಲ್ಕೇ ಮಾತು ಹೇಳಿದರು. ನಮ್ಮ ಊರಿನಲ್ಲಿ ಕಾಲು ಗಂಟೆ ತಡವಾಗಿ ಬಂದವರನ್ನು ಮಳೆಯಲ್ಲಿ ಹೊರಗೆ ನಿಲ್ಲಿಸಿದವನು ನಾನು. ನೀವು ಒಂದು ದಿನ ತಡವಾಗಿ ಬಂದವನನ್ನು ಇಲ್ಲಿ ಕೂರಿಸಿದಿರಿ. ನನಗೆ ಇಲ್ಲಿ ಕೂರಲು ಆಗುತ್ತಿಲ್ಲ. ನನಗಾಗಿ ಪ್ರಾರ್ಥಿಸಿ.

ಸುಂದ್ರವ್ವನಿಗೆ ಹಿಂದಿಯ ಒಂದು ಅಕ್ಷರವೂ ಬಾರದು. ಮಾಸ್ತರ ಕಣ್ಣಲ್ಲಿ ನೀರು ಕಂಡು ಗಾಬರಿಯಾಗಿ ನನ್ನ ಕೈ ಜಗ್ಗಿದಳು.

"ಏನಂದರ್ರಿ ಅಕ್ಕೋರ? ಯಾಕ ಅಳಾಕತ್ತಾರ?"

ಪ್ರವಾಸದುದ್ದಕ್ಕೂ ಎಲ್ಲವನ್ನೂ ದಾಟಿಸಿದ ನಾನು ಇದೊಂದನ್ನು ದಾಟಿಸಲಿಲ್ಲ. "ಅವರ ಮಾತು, ಅವರನ್ನ ಕೇಳು" ಎಂದೆ.

ಮರಳುವ ದಾರಿ

ನಾವು ಕೊಟ್ಟ ಗೋಕಾಕ ಕರದಂಟನ್ನು ಆ ಮಕ್ಕಳು ಚೀಪುತ್ತಾ ಜೀಪಿನವರೆಗೂ ಬಂದು ಬೀಳ್ಕೊಟ್ಟಿದ್ದರು. ಮರಳಿ ಬರುವ ರೈಲಿನಲ್ಲಿ ಮಾಸ್ತರು ಆ ವಿಷಯ ಎತ್ತಲಿಲ್ಲ. ಸುಂದ್ರವ್ವ ಮತ್ತೆ ಮತ್ತೆ ನನ್ನನ್ನೇ ಕೆಣಕಿದಳು. ಏನು ಹೇಳಿದರು, ಯಾರ ಬಗ್ಗೆ ಹೇಳಿದರು, ನನ್ನ ಹೆಸರು ಬಂತೇ ಎಂದು. ನಾನು ಬಾಯಿ ಬಿಡಲಿಲ್ಲ. ಇಟಾರ್ಸಿಯಲ್ಲಿ ಅವಳು ಚಹಾ ತರಲು ಕೆಳಗಿಳಿದಾಗ ನನಗೆ ತಡೆಯಲಾಗಲಿಲ್ಲ.

"ಮಾಸ್ತರ, ಪರದೇಶದಾಗ, ಗುರುತಿಲ್ಲದವರ ಮುಂದ, ಆಕಿಗೆ ತಿಳೀದ ಭಾಷಾದಾಗ ಹೇಳೂದು ಸರಳ ಐತ್ರಿ. ಹೇಳಬೇಕಾದವರು ಇಲ್ಲೇ ನಿಮ್ಮ ಮುಂದ ಕುಂತಾರ."

"ಗೊತ್ತೈತ್ರಿ ಅಕ್ಕೋರ" ಎಂದರು. "ಅದಕ್ಕ ಅಂಜಿಕಿ ಬರಾಕತ್ತೈತಿ. ರೈಲಿನಾಗ ಆಕಿ ಒಬ್ಬಾಕಿ ಅದಾಳ. ಅವತ್ತ ಮಳ್ಯಾಗ ನಿಂತವರು ಭಾಳ ಮಂದಿ ಇದ್ರು."

ಸುಂದ್ರವ್ವ ಮೂರು ಕಪ್ ಚಹಾ ಹಿಡಿದು ಬಂದಳು. ಒಂದನ್ನು ನನ್ನ ಮೂಲಕವಲ್ಲದೆ ನೇರವಾಗಿ ಮಾಸ್ತರ ಕೈಗೇ ಕೊಟ್ಟಳು. ಘಟಪ್ರಭಾದಲ್ಲಿ ಇಳಿದು ಮೂವರೂ ಬೇರೆ ಬೇರೆ ಬಸ್ಸು ಹತ್ತಿದೆವು.

ಘೋಡಗೇರಿ

ಹಿರಿಯರು ಕೂಡುವ ದಿನ ಹತ್ತಿರ ಬರುತ್ತಿತ್ತು. ಅದಕ್ಕೆ ಮುಂಚಿನ ರವಿವಾರ ಬೆಳಿಗ್ಗೆ ಮಾಸ್ತರು ನಮ್ಮ ಮನೆಯ ಮುಂದೆ ಬೈಕು ನಿಲ್ಲಿಸಿದರು. ಊರಲ್ಲಿದ್ದೂ ಗೋಕಾಕದ ಆರಾಧನೆಗೆ ಅವರು ಬರದೇ ಹೋದ ರವಿವಾರ ಅದುವರೆಗೆ ನಾನು ಕಂಡಿರಲಿಲ್ಲ. "ಘೋಡಗೇರಿಗೆ ಹೋಗಿ ಬರೂನ ಬರ್ರಿ" ಎಂದಷ್ಟೇ ಅಂದರು. ನಾನು ಸೀರೆಯ ಸೆರಗು ಬಿಗಿದು ಹಿಂದೆ ಕೂತೆ.

ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬಂದವು. ಒಂದರ ಹಿಂದೊಂದು, ಹೇರು ವಾಲಿಸಿಕೊಂಡು, ರಸ್ತೆ ತಮ್ಮದೇ ಎಂಬಂತೆ ಹೋಗುತ್ತಿದ್ದವು. ಹಿಂದಿಕ್ಕಲು ಜಾಗವಿಲ್ಲ. ಘೋಡಗೇರಿಯ ಬಸ್ಸು ಪ್ರತಿ ರವಿವಾರ ಸಾಗುವ ದಾರಿ ಇದೇ. ಮಾಸ್ತರು ಒಂದು ಸಲವೂ ಹಾರ್ನ್ ಹಾಕಲಿಲ್ಲ.

ನಾವು ಮುಟ್ಟುವಾಗ ಸುಂದ್ರವ್ವನ ಪಡಸಾಲೆಯಲ್ಲಿ ಆರಾಧನೆ ಶುರುವಾಗಿ ಹೋಗಿತ್ತು. ಬಾಗಿಲು ತೆರೆದೇ ಇತ್ತು. ಅವಳು ಕಣ್ಣು ಮುಚ್ಚಿ ಹಾಡು ಎತ್ತಿದ್ದಳು, ಉಳಿದವರು ಹಿಂದಿನಿಂದ ಹಾಡುತ್ತಿದ್ದರು. ಮಾಸ್ತರು ಅಂಗಳದಲ್ಲಿ ಚಪ್ಪಲಿ ಬಿಟ್ಟರು, ಹೊಸ್ತಿಲವರೆಗೆ ಹೋಗಿ ಅಲ್ಲೇ ನಿಂತರು. ಮಾರ್ಚ್ ತಿಂಗಳ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನಾನು ಒಳಗೆ ಹೋಗಿ ಹೆಂಗಸರ ಜೊತೆ ಕೂತೆ.

ಸುಂದ್ರವ್ವ ಕಣ್ಣು ತೆರೆದಳು. ಅವರನ್ನು ಕಂಡಳು. ಹಾಡು ನಿಲ್ಲಿಸಲಿಲ್ಲ, ಒಳಗೆ ಬನ್ನಿ ಎಂದು ಕೈಯನ್ನೂ ಬೀಸಲಿಲ್ಲ. ಅವರ ಮುಖವನ್ನೇ ನೋಡುತ್ತಾ ಎರಡನೆಯ ಚರಣ ಹಾಡಿದಳು, ಮೂರನೆಯದನ್ನು ಇನ್ನೂ ಎಳೆದು ಹಾಡಿದಳು. ಉಳಿದವರೂ ಹೊರಗೆ ನೋಡಿದರು, ಯಾರೂ ಏಳಲಿಲ್ಲ. ಇವಳ ಹಟಕ್ಕೆ ಇಷ್ಟು ಬೆಂಕಿ ಹತ್ತಲಿ ಎಂದು ನಾನು ಮನಸ್ಸಿನಲ್ಲೇ ಬೈದೆ, ಅವಳಿಗೆ ಆ ಹಕ್ಕಿದೆ ಎಂದೂ ಅಂದುಕೊಂಡೆ. ಮಾಸ್ತರು ಬೆವರು ಒರೆಸಿಕೊಳ್ಳದೆ, ಕೈಕಟ್ಟಿ ನಿಂತೇ ಇದ್ದರು. ಹಾಡು ಮುಗಿಯಿತು.

"ಯಾಕ ಬಂದ್ರಿ ಮಾಸ್ತರ?" ಎಂದಳು ಸುಂದ್ರವ್ವ.

"ಅಲ್ಲಿ ಗುಡ್ಡದಾಗ ಹೇಳಿದ್ದನ್ನ ಇಲ್ಲಿ ಹೇಳಾಕ ಬಂದೇನಿ."

"ಅಲ್ಲಿ ಏನ ಹೇಳಿದ್ರೋ ನಮಗೇನ ಗೊತ್ರಿ. ನಮಗ ತಿಳಿಯೂ ಹಂಗ ಹೇಳ್ರಿ."

ಮಾಸ್ತರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಮುದುಕರನ್ನು, ಅಂದು ಸೆರಗಿನಲ್ಲಿ ಕೂಸು ಮುಚ್ಚಿಕೊಂಡಿದ್ದ ತಾಯಂದಿರನ್ನು. "ನಿಮ್ಮನ್ನ ಮಳ್ಯಾಗ ಹೊರಗ ನಿಂದರಿಸಿದಾಂವ ನಾನ. ತಪ್ಪಾತು. ನಿಮ್ಮನ್ನ ಬ್ಯಾರೆ ಮಾಡೂನು ಅಂದಾಂವನೂ ನಾನ. ಅದೂ ತಪ್ಪು. ನೀವಿಲ್ಲದ ನಮ್ಮ ಸಭೆ ಸಭೆ ಅಲ್ರಿ. ಬರ್ರಿ" ಎಂದರು.

ಮೂಲೆಯಲ್ಲಿ ಗೋಡೆಗೆ ಒರಗಿದ್ದ ಸುಂದ್ರವ್ವನ ಅತ್ತೆ ಬಾಳವ್ವ ಮೂಗು ಒರೆಸಿಕೊಂಡಳು. ಸುಂದ್ರವ್ವ ಮಾತ್ರ ಇನ್ನೂ ಬಿಡಲಿಲ್ಲ.

"ಮುಂದಿನ ರವಿವಾರನೂ ಬಸ್ ತಡಾನ ಬರತೈತ್ರಿ. ಅದು ನಮ್ಮ ಮಾತ ಕೇಳೂದಿಲ್ಲ."

"ಬರ್ಲಿ. ನೀವ ಬರೂತನಾ ಹಾಡ ಎತ್ತೂದಿಲ್ಲ."

"ಮಂದಿ ಬಾಯಿ ಮಾಡ್ತಾರ."

"ನನ್ನ ಮ್ಯಾಲ ಮಾಡ್ಲಿ."

ಸುಂದ್ರವ್ವ ಅತ್ತೆಯ ಕಡೆ ನೋಡಿದಳು. ಬಾಳವ್ವ ತಲೆ ಅಲ್ಲಾಡಿಸಿದಳು. "ಆತ ಬಿಡ್ರಿ, ಬರ್ತೇವಿ" ಎಂದು ಸುಂದ್ರವ್ವ ಸರಿದು, ತನ್ನ ಪಕ್ಕದಲ್ಲಿದ್ದ ಹುಡುಗರನ್ನೂ ಸರಿಸಿ ಜಾಗ ಮಾಡಿದಳು. "ಬಿಸಲಾಗ ಇನ್ನ ಎಷ್ಟೊತ್ತ ನಿಂದರ್ತೀರಿ? ಒಳಗ ಬಂದ ಕುಂದರ್ರಿ."

ಮಾಸ್ತರು ಹೊಸ್ತಿಲು ದಾಟಿ ಬಂದು ಕೂತರು. ಮುಂದೆ ಪ್ರಾರ್ಥನೆ ಆಗಬೇಕಿತ್ತು. ಸುಂದ್ರವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಮುಗಿದುಹೋದ ಹಾಡನ್ನು ಮತ್ತೆ ಮೊದಲನೆಯ ಚರಣದಿಂದ ಎತ್ತಿದಳು.